ದಾರ ಹರಿದ ವಾಕ್ಯಗಳು

ಕೆಳಗಿನ ಐದು ವಾಕ್ಯಗಳು ಒಂದೇ ಪ್ಯಾರಾಕ್ಕೆ ಸೇರಿದವು. ಅವುಗಳ ಕ್ರಮ ಮಾತ್ರ ಕಲಸಿಹೋಗಿದೆ.

ಕ. ಅಲ್ಲಿ ಉಗಿ ಹಾಯಿಸಿ ತೊಳೆದ ಹತ್ತು ಟ್ಯಾಂಕ್ ವ್ಯಾಗನ್‌ಗಳು ಮಿರಜಿಗೆ ಬಂದವು.

ಖ. ಮರುದಿನ ನಸುಕಿನಲ್ಲಿ ಅದು ಸುಮಾರು 340 ಕಿ.ಮೀ. ದೂರದ ಲಾತೂರನ್ನು ತಲುಪಿತು.

ಗ. 2016ರ ಬೇಸಿಗೆಯಲ್ಲಿ ಮಾಂಜರಾ ಜಲಾಶಯ ಬತ್ತಿ ಲಾತೂರು ನಗರಕ್ಕೆ ಕುಡಿಯಲು ನೀರಿಲ್ಲದಂತಾಯಿತು.

ಘ. ಕೃಷ್ಣಾ ನದಿಯ ಐದು ಲಕ್ಷ ಲೀಟರ್ ನೀರು ತುಂಬಿಕೊಂಡು ಏಪ್ರಿಲ್ 11ರಂದು ಮೊದಲ ರೈಲು ಮಿರಜಿನಿಂದ ಹೊರಟಿತು.

ಚ. ಹಾಗಾಗಿ ರೈಲಿನಲ್ಲಿ ನೀರು ಕಳಿಸುವುದೆಂದು ತೀರ್ಮಾನವಾಗಿ, ವ್ಯಾಗನ್ ಸಿದ್ಧಪಡಿಸುವ ಕೆಲಸ ರಾಜಸ್ಥಾನದ ಕೋಟಾ ಕಾರ್ಯಾಗಾರದಲ್ಲಿ ಶುರುವಾಯಿತು.

‘ಜಲದೂತ್’ ಎಂದು ಹೆಸರಾದ ಆ ನೀರಿನ ರೈಲಿನ ಕಥೆ ಮಹಾರಾಷ್ಟ್ರದ ಸಾಂಗಲಿ, ಮಿರಜಿನ ಜನಕ್ಕೆ ಹೊಸದೇನಲ್ಲ. ಕಥೆ ಕೇಳಿಯೇ ಇರದವರೂ ಈ ಐದು ವಾಕ್ಯಗಳನ್ನು ಒಂದೆರಡು ನಿಮಿಷದಲ್ಲಿ ಸರಿಯಾಗಿ ಜೋಡಿಸುತ್ತಾರೆ: ಗ, ಚ, ಕ, ಘ, ಖ. ಹೇಗೆ ಜೋಡಿಸಿದಿರಿ ಎಂದು ಕೇಳಿದರೆ ಹೆಚ್ಚಿನವರ ಉತ್ತರ, ‘ಓದಿದರೆ ಗೊತ್ತಾಗುತ್ತದಲ್ಲ’ ಎಂಬುದು. ಓದಿದರೆ ಗೊತ್ತಾಗುತ್ತದೆ ನಿಜ. ಆದರೆ ಆ ಗೊತ್ತಾಗುವಿಕೆಯ ಒಳಗೆ ಏನು ನಡೆಯುತ್ತದೆ ಎಂಬುದನ್ನು ಹುಡುಕುತ್ತ ಮನೋವಿಜ್ಞಾನಿಗಳು, ಭಾಷಾವಿಜ್ಞಾನಿಗಳು ಮತ್ತು ಕಂಪ್ಯೂಟರ್ ತಜ್ಞರು ಐವತ್ತು ವರ್ಷ ಕಳೆದಿದ್ದಾರೆ.

ನೂರಿಪ್ಪತ್ತರಿಂದ ಒಂದಕ್ಕೆ

ಐದು ವಾಕ್ಯಗಳನ್ನು 120 ಬಗೆಯಲ್ಲಿ ಸಾಲಾಗಿ ಇಡಬಹುದು. ಮೊದಲ ಜಾಗಕ್ಕೆ ಐದು ಆಯ್ಕೆ, ಎರಡನೆಯದಕ್ಕೆ ನಾಲ್ಕು, ಆಮೇಲೆ ಮೂರು, ಎರಡು, ಒಂದು, ಗುಣಿಸಿದರೆ 120. ವಾಕ್ಯಗಳು ಆರಾದರೆ 720, ಹತ್ತಾದರೆ 36,28,800. ಒಂದೊಂದನ್ನೇ ಇಟ್ಟು ನೋಡುತ್ತ ಕೂತರೆ ಪರೀಕ್ಷೆಯ ಮೂರು ಗಂಟೆ ಸಾಲದು. ಓದುಗ ಹಾಗೆ ಮಾಡುವುದೂ ಇಲ್ಲ. ಅವನು ಒಂದು ವಾಕ್ಯ ಹಿಡಿದು, ಅದು ಏನನ್ನು ಬೇಡುತ್ತಿದೆ ಎಂದು ನೋಡುತ್ತಾನೆ.

‘ಕ’ ವಾಕ್ಯ ‘ಅಲ್ಲಿ’ ಎಂದು ಶುರುವಾಗುತ್ತದೆ. ಎಲ್ಲಿ? ತೊಳೆಯುವ ಕೆಲಸ ನಡೆಯುವಂಥ ಜಾಗದ ಹೆಸರು ಅದರ ಬೆನ್ನ ಹಿಂದೆಯೇ ಇರಬೇಕು. ಅದು ಇರುವುದು ‘ಚ’ದಲ್ಲಿ, ಕೋಟಾ. ಹೀಗೆ ಚ, ಕ ಎರಡೂ ಅಂಟಿಕೊಂಡು ಒಂದು ತುಂಡಾದವು. ಉಳಿದ ಸಾಧ್ಯತೆಗಳು 120ರಿಂದ 24ಕ್ಕೆ ಇಳಿದವು. ‘ಚ’ ವಾಕ್ಯದ ‘ಹಾಗಾಗಿ’ ಒಂದು ಕಾರಣವನ್ನು ಕೇಳುತ್ತದೆ. ಆ ಕಾರಣ ‘ಗ’ದಲ್ಲಿದೆ. ಈಗ ಗ, ಚ, ಕ ಒಂದೇ ತುಂಡು; ಸಾಧ್ಯತೆಗಳು ಆರು. ‘ಖ’ದ ‘ಮರುದಿನ’ಕ್ಕೆ ಹಿಂದಿನ ದಿನವೊಂದು ಬೇಕು, ಏಪ್ರಿಲ್ 11 ಇರುವುದು ‘ಘ’ದಲ್ಲಿ ಮಾತ್ರ. ಈಗ ಉಳಿದವು ಎರಡೇ ತುಂಡು, ಎರಡೇ ಸಾಧ್ಯತೆ. ಯಾವ ತುಂಡು ಮೊದಲು? ಇದನ್ನು ಯಾವ ಸರ್ವನಾಮವೂ ಹೇಳುವುದಿಲ್ಲ. ವ್ಯಾಗನ್ ಮಿರಜಿಗೆ ಬಾರದೆ ಅದರಲ್ಲಿ ನೀರು ತುಂಬಲಾಗದು ಎಂಬ ಲೋಕದ ತಿಳಿವಳಿಕೆ ಹೇಳುತ್ತದೆ. ನೂರಿಪ್ಪತ್ತು ಇಪ್ಪತ್ತನಾಲ್ಕಾಗಿ, ಆರಾಗಿ, ಎರಡಾಗಿ, ಕೊನೆಗೆ ಒಂದಾಯಿತು. ನಾಲ್ಕೇ ಸುಳಿವು ಸಾಕಾದವು.

ಭಾರತದ ಶಾಸ್ತ್ರಪರಂಪರೆಯಲ್ಲಿ ಇದಕ್ಕೆ ಹತ್ತಿರದ ಲೆಕ್ಕವೊಂದು ಬಹಳ ಹಿಂದೆಯೇ ಇತ್ತು. ಬಿಡಿ ಪದಗಳು ಕೂಡಿ ವಾಕ್ಯಾರ್ಥ ಹುಟ್ಟಲು ಮೂರು ಸಂಗತಿ ಬೇಕು ಎಂದು ಮೀಮಾಂಸಕರೂ ನೈಯಾಯಿಕರೂ ಹೇಳಿದರು: ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ. ಒಂದು ಪದ ಇನ್ನೊಂದನ್ನು ಬಯಸುವುದು ಆಕಾಂಕ್ಷೆ. ಎರಡರ ಅರ್ಥ ಲೋಕದಲ್ಲಿ ಹೊಂದುವುದು ಯೋಗ್ಯತೆ. ನೀರನ್ನು ಗಿಡಕ್ಕೆ ಎರೆಯಬಹುದು, ಬೆಂಕಿಯನ್ನು ಎರೆಯಲಾಗದು. ಎರಡೂ ಹತ್ತಿರ ಹತ್ತಿರ ಇರುವುದು ಸನ್ನಿಧಿ. ಅವರು ಹೇಳಿದ್ದು ಪದಗಳ ಬಗ್ಗೆ. ಅದೇ ಅಳತೆಗೋಲನ್ನು ವಾಕ್ಯಗಳಿಗೆ ಹಿಡಿದರೂ ಕೆಲಸ ನಡೆಯುತ್ತದೆ. ‘ಅಲ್ಲಿ’, ‘ಹಾಗಾಗಿ’ ಎಂಬವು ಆಕಾಂಕ್ಷೆಯ ಪದಗಳು. ‘ಮರುದಿನ’ಕ್ಕೆ ಅದರ ಹಿಂದಿನ ದಿನ ಸನ್ನಿಧಿಯಲ್ಲೇ ಇರಬೇಕು, ನಾಲ್ಕು ವಾಕ್ಯ ದೂರದಲ್ಲಿದ್ದರೆ ಓದುಗ ತಡವರಿಸುತ್ತಾನೆ. ವ್ಯಾಗನ್ ಮೊದಲು, ನೀರು ಆಮೇಲೆ ಎಂಬುದು ಯೋಗ್ಯತೆ.

ಹಳೆಯದು ಮೊದಲು, ಹೊಸದು ಆಮೇಲೆ

1974ರಲ್ಲಿ ಅಮೆರಿಕದ ಸೂಸನ್ ಹ್ಯಾವಿಲ್ಯಾಂಡ್ ಮತ್ತು ಹರ್ಬರ್ಟ್ ಕ್ಲಾರ್ಕ್ ಈ ಬೇಡಿಕೆಯನ್ನು ಗಡಿಯಾರದಲ್ಲಿ ಅಳೆದರು. ಒಂದು ಬಗೆಯಲ್ಲಿ, ಓದುಗರಿಗೆ ಕಾರಿನಿಂದ ಬಿಯರ್ ಇಳಿಸಿದ ವಾಕ್ಯದ ನಂತರ ‘ಬಿಯರ್ ಬೆಚ್ಚಗಾಗಿತ್ತು’ ಎಂಬರ್ಥದ ವಾಕ್ಯ ಕೊಟ್ಟರು. ಇನ್ನೊಂದು ಬಗೆಯಲ್ಲಿ, ಪಿಕ್‌ನಿಕ್ ಸಾಮಾನು ಪರೀಕ್ಷಿಸಿದ ವಾಕ್ಯದ ನಂತರ ಅದೇ ವಾಕ್ಯ ಬಂತು. ಎರಡನೆಯ ಸಲ ಓದುಗರಿಗೆ ಹೆಚ್ಚು ಹೊತ್ತು ಹಿಡಿಯಿತು. ಸಾಮಾನಿನಲ್ಲಿ ಬಿಯರ್ ಇದ್ದಿರಬೇಕು ಎಂಬ ಸೇತುವೆಯನ್ನು ಓದುಗ ತಾನೇ ಕಟ್ಟಿಕೊಳ್ಳಬೇಕಾಗಿತ್ತು. ವ್ಯತ್ಯಾಸ ಸೆಕೆಂಡಿನ ಒಂದು ತುಣುಕು ಮಾತ್ರ. ಆದರೆ ಪ್ರತಿ ವಾಕ್ಯದ ಬಳಿಯೂ ಅಂಥ ಸೇತುವೆ ಕಟ್ಟಬೇಕಾಗಿ ಬಂದರೆ ಓದು ಕುಂಟುತ್ತದೆ.

ಒಳ್ಳೆಯ ಪ್ಯಾರಾದಲ್ಲಿ ಪ್ರತಿ ವಾಕ್ಯಕ್ಕೂ ಎರಡು ತುದಿ. ಒಂದು ತುದಿ ಹಿಂದೆ ಹೇಳಿದ್ದನ್ನು ಹಿಡಿದುಕೊಂಡಿರುತ್ತದೆ, ಇನ್ನೊಂದು ಹೊಸದನ್ನು ಚಾಚುತ್ತದೆ. ಅಜ್ಜಿಯ ಕಥೆಗೆ ಇದು ಚೆನ್ನಾಗಿ ಗೊತ್ತು. ಒಂದೂರಿನಲ್ಲಿ ಒಬ್ಬ ರಾಜ. ಆ ರಾಜನಿಗೆ ಇಬ್ಬರು ಹೆಂಡತಿಯರು. ಆ ಇಬ್ಬರಲ್ಲಿ ಹಿರಿಯವಳಿಗೆ ಒಬ್ಬ ಮಗ. ‘ಒಬ್ಬ’ ಎಂದು ಒಳಗೆ ಬಂದವನು ಮುಂದಿನ ವಾಕ್ಯದಲ್ಲಿ ‘ಆ’ ಎಂದಾಗುತ್ತಾನೆ.

ಇಂಗ್ಲಿಷಿನ ಸ್ಪರ್ಧಾ ಪರೀಕ್ಷೆಗಳಲ್ಲಿ ‘ಪ್ಯಾರಾ ಜಂಬಲ್’ ಎಂಬ ಪ್ರಶ್ನೆ ಸಾಮಾನ್ಯ. ಬ್ಯಾಂಕ್ ಪರೀಕ್ಷೆಗಳಲ್ಲಿ ಅದು ಬರುತ್ತದೆ. ಐಐಎಂ ಪ್ರವೇಶದ ಕ್ಯಾಟ್‌ನಲ್ಲಿ 2015ರಿಂದ ಆಯ್ಕೆಗಳನ್ನೇ ಕೊಡದೆ ಕ್ರಮವನ್ನು ಟೈಪ್ ಮಾಡಿಸುತ್ತಾರೆ. ಗೈಡುಗಳು ಕೊಡುವ ಮೊದಲ ಸಲಹೆ, ‘ಎ’ ಇರುವ ವಾಕ್ಯ ಮೊದಲು, ‘ದ’ ಇರುವ ವಾಕ್ಯ ಆಮೇಲೆ ಎಂದು. ಕನ್ನಡದಲ್ಲಿ ಆ ಆರ್ಟಿಕಲ್‌ಗಳಿಲ್ಲ. ಆ ಗೈಡನ್ನು ಹಿಡಿದು ಕನ್ನಡ ಪ್ಯಾರಾ ಬಿಡಿಸಲು ಹೊರಟರೆ ದಾರಿ ತಪ್ಪುತ್ತದೆ. ಕನ್ನಡಕ್ಕೆ ತನ್ನವೇ ಕೊಕ್ಕೆಗಳಿವೆ.

ಗಡಿಯಲ್ಲಿ ಎರಡು ಭಾಷೆ, ಎರಡು ಕೊಕ್ಕೆ

ಆ ಕೊಕ್ಕೆಗಳನ್ನು ಎದುರುಬದುರು ಇಟ್ಟು ನೋಡಲು ಸಾಂಗಲಿ ಜಿಲ್ಲೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಜತ್ತ ತಾಲ್ಲೂಕಿನ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಅವುಗಳಿಗೆ ಬೇಕಾದ ಕನ್ನಡ ಪಠ್ಯಪುಸ್ತಕಗಳನ್ನು ಪುಣೆಯ ‘ಬಾಲಭಾರತಿ’ ಅಚ್ಚು ಹಾಕುತ್ತದೆ. ಮಕ್ಕಳು ತರಗತಿಯಲ್ಲಿ ಕನ್ನಡ ಓದುತ್ತಾರೆ, ಸಂತೆಯಲ್ಲಿ ಮತ್ತು ಬಸ್ ಸ್ಟ್ಯಾಂಡಿನಲ್ಲಿ ಮರಾಠಿ ಆಡುತ್ತಾರೆ.

ನೀರಿನ ರೈಲಿನ ಪ್ಯಾರಾವನ್ನೇ ಮತ್ತೆ ನೋಡಿ. ‘ಅದು ಲಾತೂರನ್ನು ತಲುಪಿತು’ ಎಂಬಲ್ಲಿ ‘ಅದು’ ರೈಲೋ ನೀರೋ? ಕನ್ನಡದಲ್ಲಿ ಎರಡೂ ನಪುಂಸಕಲಿಂಗ. ಸರ್ವನಾಮ ಏನೂ ಹೇಳುವುದಿಲ್ಲ. ಮರಾಠಿಯಲ್ಲಿ ‘ಗಾಡಿ’ ಸ್ತ್ರೀಲಿಂಗ, ‘ಪಾಣಿ’ ನಪುಂಸಕಲಿಂಗ, ‘ಡಬಾ’ ಪುಲ್ಲಿಂಗ. ‘ತೀ’ ಎಂದರೆ ಗಾಡಿ, ‘ತೇ’ ಎಂದರೆ ನೀರು, ‘ತೋ’ ಎಂದರೆ ಡಬ್ಬಿ. ಕ್ರಿಯಾಪದವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಜತ್ತದ ಹುಡುಗಿಗೆ ಮರಾಠಿ ಪ್ಯಾರಾದಲ್ಲಿ ಸಿಗುವ ಈ ಸುಳಿವು ಕನ್ನಡದ ಪ್ಯಾರಾದಲ್ಲಿ ಸಿಗುವುದಿಲ್ಲ. ಗೌರವದ ಬಹುವಚನದಲ್ಲೂ ಹಾಗೆಯೇ. ಮರಾಠಿಯ ‘ತ್ಯಾ’ ಕೇಳಿದರೆ ಹೆಂಗಸರ ಮಾತು ಎಂದು ಗೊತ್ತಾಗುತ್ತದೆ. ಕನ್ನಡದ ‘ಅವರು’ ಗಂಡಸರೂ ಆಗಬಹುದು, ಹೆಂಗಸರೂ ಆಗಬಹುದು, ಒಬ್ಬರೂ ಆಗಬಹುದು, ಹತ್ತು ಜನವೂ ಆಗಬಹುದು.

ಕನ್ನಡ ಆ ಕೊರತೆಯನ್ನು ಬೇರೆ ಕಡೆ ತುಂಬಿಕೊಳ್ಳುತ್ತದೆ. ‘ಸಾಂಗಲಿಯಲ್ಲೂ ಮಳೆ ಬಂತು’ ಎಂಬ ವಾಕ್ಯದ ‘ಊ’ ಒಂದು ಪುಟ್ಟ ಪ್ರತ್ಯಯ. ಬೇರೆಲ್ಲೋ ಮಳೆ ಬಂದ ಸುದ್ದಿ ಅದರ ಹಿಂದೆ ಇರಲೇಬೇಕು ಎಂದು ಅದು ಸಾಕ್ಷಿ ಹೇಳುತ್ತದೆ. ‘ಮಿರಜಿನಲ್ಲಂತೂ’ ಎಂದರೆ ಬೇರೆ ಊರುಗಳ ಜೊತೆ ಹೋಲಿಕೆ ಆಗಲೇ ಶುರುವಾಗಿದೆ ಎಂದರ್ಥ. ‘ರೈಲು ನೋಡಿದ’ ಎಂಬುದಕ್ಕೂ ‘ರೈಲನ್ನು ನೋಡಿದ’ ಎಂಬುದಕ್ಕೂ ನಡುವೆ ಇರುವ ಸೂಕ್ಷ್ಮವೂ ಅಂಥದ್ದೇ. ‘ಅನ್ನು’ ಹಚ್ಚಿದ ವಸ್ತು ಸಾಮಾನ್ಯವಾಗಿ ಒಂದು ನಿರ್ದಿಷ್ಟ ವಸ್ತು, ಎಷ್ಟೋ ಸಲ ಆಗಲೇ ಪ್ರಸ್ತಾಪವಾದದ್ದು. ‘ತುಂಬಿಕೊಂಡು ಹೊರಟಿತು’ ಎಂಬಲ್ಲಿನ ಕೃದಂತಾವ್ಯಯ ಎರಡು ಕೆಲಸಗಳ ಹಿಂದುಮುಂದನ್ನು ಒಂದೇ ವಾಕ್ಯದೊಳಗೆ ಕಟ್ಟಿಹಾಕುತ್ತದೆ. ಈ ಸುಳಿವುಗಳು ಕನ್ನಡ ಬಲ್ಲವರ ನಾಲಿಗೆಯ ಮೇಲೆ ದಿನವೂ ಆಡುತ್ತಿರುತ್ತವೆ. ಅವು ವಾಕ್ಯಜೋಡಣೆಯ ಪಾಠದಲ್ಲೂ ಬರಬೇಕು.

ಸಿತಾರಿನ ಬಿರಡೆ ಎಲ್ಲಿ?

ಎಲ್ಲ ಪ್ಯಾರಾಕ್ಕೂ ಒಂದೇ ಉತ್ತರ ಇರುತ್ತದೆ ಎಂದು ನಂಬಿಸುವುದು ವಾಕ್ಯಜೋಡಣೆಯ ಪರೀಕ್ಷೆಗಳು ಮಾಡುವ ದೊಡ್ಡ ತಪ್ಪು. ಮಿರಜಿನ ಸಿತಾರ್ ಅಂಗಡಿಗಳ ಓಣಿಗೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಶಸ್ತ್ರಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರರ ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ತಂತಿವಾದ್ಯ ಮಾಡಲು ಶುರುಮಾಡಿದರು. ಮಿರಜಿನ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು.

ಸಿತಾರ್ ಕಟ್ಟುವುದನ್ನು ಆರು ವಾಕ್ಯಗಳಲ್ಲಿ ಹೇಳಬಹುದು. ಪಂಢರಪುರದ ಕಡೆಯಿಂದ ಬಂದ ಸೋರೆ ಬುರುಡೆಯನ್ನು ಒಣಗಿಸುತ್ತಾರೆ. ಒಣಗಿದ ಬುರುಡೆಯನ್ನು ಕತ್ತರಿಸಿ ಒಳಗನ್ನು ತೆಗೆಯುತ್ತಾರೆ. ಅದಕ್ಕೆ ಮರದ ದಂಡಿ ಕೂಡಿಸುತ್ತಾರೆ. ತಂತಿ ಬಿಗಿಯುತ್ತಾರೆ. ಕೊನೆಗೆ, ತಂತಿಯ ನಾದ ಅರಳಲೆಂದು, ತಂತಿ ಹಾಯುವ ಕುದುರೆಯ ಮೇಲ್ಮೈಯನ್ನು ನಯವಾಗಿ ಉಜ್ಜುತ್ತ ಜವಾರಿ ಕೂಡಿಸುತ್ತಾರೆ. ಆರನೆಯ ವಾಕ್ಯ: ಬಿರಡೆಗಳನ್ನು ಕೆತ್ತುತ್ತಾರೆ.

ಮೊದಲ ಐದಕ್ಕೆ ಒಂದೇ ಕ್ರಮ. ಒಣಗದ ಬುರುಡೆಯನ್ನು ಕತ್ತರಿಸುವಂತಿಲ್ಲ, ತಂತಿಯಿಲ್ಲದೆ ಜವಾರಿಯಿಲ್ಲ. ಬಿರಡೆ ಕೆತ್ತುವ ಮಾತಿಗೆ ಮಾತ್ರ ಒಂದೇ ಷರತ್ತು, ತಂತಿ ಬಿಗಿಯುವ ಮೊದಲು ಅದು ಮುಗಿದಿರಬೇಕು. ಬುರುಡೆ ಒಣಗುವ ಮುಂಚೆ, ಒಣಗಿದ ಮೇಲೆ, ಕತ್ತರಿಸಿದ ಮೇಲೆ, ದಂಡಿ ಕೂಡಿಸಿದ ಮೇಲೆ. ನಾಲ್ಕು ಜಾಗದಲ್ಲಿ ಎಲ್ಲಿಟ್ಟರೂ ಸರಿ. ಒಂದೇ ಪ್ಯಾರಾಕ್ಕೆ ನಾಲ್ಕು ಸರಿಯುತ್ತರ. ಗಣಿತದಲ್ಲಿ ಇದನ್ನು ಭಾಗಶಃ ಕ್ರಮ ಎನ್ನುತ್ತಾರೆ. ಇಂಥ ಷರತ್ತುಗಳ ಜಾಲವನ್ನು ಒಂದು ಸಾಲಿಗೆ ಬಿಡಿಸುವ ವಿಧಾನವನ್ನು ಆರ್ಥರ್ ಕಾನ್ 1962ರಲ್ಲಿ ಬರೆದಿಟ್ಟರು: ಯಾವುದನ್ನೂ ಬೇಡದ ಅಂಶವನ್ನು ಮೊದಲು ಎತ್ತಿಡು, ಅದರಿಂದ ಬಿಡುಗಡೆಯಾದದ್ದನ್ನು ಆಮೇಲೆ ಎತ್ತಿಡು. ನೀರಿನ ರೈಲಿನ ಪ್ಯಾರಾದಲ್ಲಿ ಏನನ್ನೂ ಬೇಡದೆ ಕೂತಿದ್ದ ‘ಗ’ ವಾಕ್ಯ ಮೊದಲು ಬಂದದ್ದೂ ಅದೇ ನ್ಯಾಯದಿಂದ.

ಕವಿಗಳ ಸಾಲು ಜೋಡಿಸಿದವರು

ಸಾಂಗಲಿಗೂ ಮಿರಜಿಗೂ ನಡುವಿನ ವಿಶ್ರಾಮಬಾಗಿನಲ್ಲಿ 1919ರಲ್ಲಿ ಶುರುವಾದ ವಿಲಿಂಗ್ಡನ್ ಕಾಲೇಜಿದೆ. ವಿ.ಕೃ. ಗೋಕಾಕರು ಅಲ್ಲಿ ಪ್ರಾಚಾರ್ಯರಾಗಿದ್ದರು. ರಂ.ಶ್ರೀ. ಮುಗಳಿಯವರು ಅಲ್ಲಿ ದೀರ್ಘಕಾಲ ಕನ್ನಡ ಕಲಿಸಿದರು. ಮುಗಳಿಯವರ ‘ಕನ್ನಡ ಸಾಹಿತ್ಯ ಚರಿತ್ರೆ’ಗೆ 1956ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು.

ಸಾಹಿತ್ಯ ಚರಿತ್ರೆ ಬರೆಯುವುದು ಕಲಸಿಹೋದ ವಾಕ್ಯಗಳನ್ನು ಜೋಡಿಸುವ ಕೆಲಸದ ದೊಡ್ಡ ರೂಪ. ಪಂಪನ ಕಾವ್ಯಕ್ಕೆ 941 ಎಂಬ ಇಸವಿ ಸಿಗುತ್ತದೆ; ಎಷ್ಟೋ ಕವಿಗಳಿಗೆ ಅಂಥದ್ದೇನೂ ಸಿಗುವುದಿಲ್ಲ. ಆಗ ಚರಿತ್ರಕಾರ ಹುಡುಕುವುದು ಕೊಕ್ಕೆಗಳನ್ನೇ. ನಾಗಚಂದ್ರ ತನ್ನನ್ನು ‘ಅಭಿನವ ಪಂಪ’ ಎಂದು ಕರೆದುಕೊಂಡ. ‘ಅಭಿನವ’ ಎಂಬ ಪದಕ್ಕೆ ಹಿಂದೊಬ್ಬ ಪಂಪ ಬೇಕೇ ಬೇಕು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರನ್ನು ಹೆಸರಿಸುತ್ತದೆ. ಅವರ ಗದ್ಯಕೃತಿಗಳು ಉಳಿದಿಲ್ಲ. ಆದರೂ ಸಾಲಿನಲ್ಲಿ ಅವರ ಜಾಗ ‘ಕವಿರಾಜಮಾರ್ಗ’ಕ್ಕಿಂತ ಹಿಂದೆ ಎಂಬುದು ಗಟ್ಟಿ. ಕಾವ್ಯದ ಆರಂಭದಲ್ಲಿ ಬರುವ ಪೂರ್ವಕವಿಸ್ಮರಣೆ ವಾಕ್ಯದ ಆರಂಭದ ‘ಆ’ ಇದ್ದಂತೆ.

ತಾಳೆಗರಿಯ ಕಟ್ಟಿನಲ್ಲಿ ಈ ಸಮಸ್ಯೆ ಕೈಗೇ ಸಿಗುತ್ತಿತ್ತು. ಗರಿಗಳಿಗೆ ರಂಧ್ರ ಕೊರೆದು ದಾರ ಪೋಣಿಸುತ್ತಿದ್ದರು. ದಾರ ಹರಿದರೆ ಗರಿಗಳು ಕಲಸಿಹೋಗುತ್ತಿದ್ದವು. ಅಂಚಿನಲ್ಲಿ ಅಂಕಿ ಇಲ್ಲದಿದ್ದರೆ ಅರ್ಥವನ್ನೇ ಹಿಡಿದು ಜೋಡಿಸಬೇಕಾಗುತ್ತಿತ್ತು.

ಹರಿದದ್ದನ್ನು ಮೊದಲಿನಂತೆ ಜೋಡಿಸುವುದು ಒಂದು ಕೆಲಸ. ಎಂದೂ ಒಂದು ದಾರದಲ್ಲಿ ಇರದೇ ಇದ್ದದ್ದಕ್ಕೆ ದಾರ ಹುಡುಕುವುದು ಇನ್ನೂ ದೊಡ್ಡದು. ಕನ್ನಡದಲ್ಲಿ ಅದರ ಶಿಖರ ‘ಶೂನ್ಯಸಂಪಾದನೆ’. ಹನ್ನೆರಡನೆಯ ಶತಮಾನದ ಶರಣರ ವಚನಗಳು ಬಿಡಿಬಿಡಿಯಾಗಿದ್ದವು. ಅಂಕಿತ ಇತ್ತು, ಯಾವಾಗ ಯಾರ ಮಾತಿಗೆ ಹೇಳಿದ್ದು ಎಂಬ ಗುರುತು ಇರಲಿಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಅಲ್ಲಮಪ್ರಭುವನ್ನು ನಡುವೆ ಇಟ್ಟು ಆ ವಚನಗಳನ್ನು ಪ್ರಶ್ನೆ, ಉತ್ತರ, ಮರುಪ್ರಶ್ನೆಗಳ ಸಂವಾದವಾಗಿ ಜೋಡಿಸಿದ. ನಡುನಡುವೆ ಕೊಂಡಿಯ ಗದ್ಯವನ್ನು ತಾನು ಬರೆದ. ಅವನ ನಂತರ ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಮತ್ತೆ ಮತ್ತೆ ಜೋಡಿಸಿ, ಒಟ್ಟು ನಾಲ್ಕು ಶೂನ್ಯಸಂಪಾದನೆಗಳು ಆದವು. ಸಿತಾರಿನ ಬಿರಡೆಯಂತೆ ಒಂದೇ ವಚನಕ್ಕೆ ಒಂದಕ್ಕಿಂತ ಹೆಚ್ಚು ಜಾಗ ಸಾಧ್ಯ ಎಂಬುದನ್ನು ಆ ನಾಲ್ವರು ತೋರಿಸಿಕೊಟ್ಟರು.

ಮಿದುಳಿನ ಪದರಗಳು

ಕ್ರಮ ಕೆಟ್ಟಾಗ ಮಿದುಳಿನಲ್ಲಿ ಏನಾಗುತ್ತದೆ? 2011ರಲ್ಲಿ ಯೂಲಿಯಾ ಲರ್ನರ್, ಊರಿ ಹ್ಯಾಸನ್ ಮತ್ತು ಸಂಗಡಿಗರು ಏಳು ನಿಮಿಷದ ಒಂದು ಕಥೆಯನ್ನು ಜನರಿಗೆ ಕೇಳಿಸುತ್ತ ಅವರ ಮಿದುಳನ್ನು ಎಫ್‌ಎಂಆರ್‌ಐ ಯಂತ್ರದಲ್ಲಿ ನೋಡಿದರು. ಕಥೆಯನ್ನು ಇದ್ದಂತೆ ಒಂದು ಸಲ ಕೇಳಿಸಿದರು, ಪ್ಯಾರಾಗಳನ್ನು ಕಲಸಿ ಒಂದು ಸಲ, ವಾಕ್ಯಗಳನ್ನು ಕಲಸಿ ಇನ್ನೊಂದು ಸಲ, ಪದಗಳನ್ನೇ ಕಲಸಿ ಮತ್ತೊಂದು ಸಲ. ಕಿವಿಯಿಂದ ಬಂದ ಸದ್ದನ್ನು ಮೊದಲು ಹಿಡಿಯುವ ಭಾಗಕ್ಕೆ ಕಲಸಿದ್ದು ಲೆಕ್ಕಕ್ಕೇ ಬರಲಿಲ್ಲ. ಎಲ್ಲ ಕೇಳುಗರಲ್ಲೂ ಅದು ಒಂದೇ ತೆರನಾಗಿ ಸ್ಪಂದಿಸಿತು. ಅದರಿಂದ ಮುಂದಿನ ಭಾಗಗಳಿಗೆ ವಾಕ್ಯವಾದರೂ ಸರಿಯಿರಬೇಕಾಯಿತು. ಮುಂಭಾಗದ ಮತ್ತು ಪಾರ್ಶ್ವಭಾಗದ ಕೆಲವು ಪ್ರದೇಶಗಳು ಕೇಳುಗರೆಲ್ಲರಲ್ಲಿ ಒಂದೇ ಲಯಕ್ಕೆ ಬಂದದ್ದು ಇಡೀ ಪ್ಯಾರಾಗಳು ಸರಿಯಾಗಿ ಬಂದಾಗ ಮಾತ್ರ. ಪದ, ವಾಕ್ಯ, ಪ್ಯಾರಾಗಳ ನೆನಪಿಗೆ ಮಿದುಳಿನಲ್ಲಿ ಒಂದರ ಮೇಲೊಂದು ಪದರಗಳಿವೆ.

ದಾರ ಸಿಗಬೇಕಾದರೆ ಮೊದಲು ವಿಷಯ ಗೊತ್ತಿರಬೇಕು ಎಂಬುದನ್ನು ಜಾನ್ ಬ್ರ್ಯಾನ್ಸ್‌ಫರ್ಡ್ ಮತ್ತು ಮಾರ್ಸಿಯಾ ಜಾನ್ಸನ್ 1972ರಲ್ಲಿ ತೋರಿಸಿದರು. ಬಟ್ಟೆ ಒಗೆಯುವುದನ್ನು ವಿವರಿಸುವ ಪ್ಯಾರಾವನ್ನು ಬಟ್ಟೆ ಎಂಬ ಮಾತೇ ಬಾರದಂತೆ ಬರೆದು ಕೇಳಿಸಿದರು. ವಿಷಯ ತಿಳಿಯದೆ ಕೇಳಿದವರಿಗೆ 18 ಅಂಶಗಳಲ್ಲಿ ಸರಾಸರಿ 2.8 ನೆನಪಿದ್ದವು. ಕೇಳುವ ಮೊದಲೇ ವಿಷಯ ಹೇಳಿದವರಿಗೆ 5.8. ಕೇಳಿದ ಮೇಲೆ ಹೇಳಿದರೆ ಪ್ರಯೋಜನವಾಗಲಿಲ್ಲ. ಪ್ಯಾರಾದ ಮೊದಲ ವಾಕ್ಯವನ್ನು ಗುರುತಿಸುವುದಕ್ಕೆ ಅಷ್ಟು ಬೆಲೆ ಇರುವುದು ಇದರಿಂದಲೇ.

ಯಂತ್ರಗಳಿಗೂ ಈ ಪಾಠ ಬೇಕಾಯಿತು. 2018ರಲ್ಲಿ ಬಂದ ‘ಬರ್ಟ್’ ಎಂಬ ಭಾಷಾ ಮಾದರಿಗೆ ಎರಡು ವಾಕ್ಯಭಾಗ ಕೊಟ್ಟು, ಎರಡನೆಯದು ಮೊದಲನೆಯದರ ಮುಂದುವರಿಕೆಯೋ ಅಲ್ಲವೋ ಎಂದು ಕೇಳಿ ತರಬೇತಿ ಕೊಟ್ಟರು. ತಪ್ಪು ಉದಾಹರಣೆಗಳನ್ನು ಬೇರೆ ಬರಹಗಳಿಂದ ಎತ್ತಿದ್ದರು. ಅರಿಸಿನದ ಮಾತಿನ ಮುಂದೆ ಕ್ರಿಕೆಟ್ ಬಂದರೆ ವಿಷಯ ನೋಡಿಯೇ ತಪ್ಪೆನ್ನಬಹುದು; ಕ್ರಮ ತಿಳಿಯಬೇಕಾಗಿಲ್ಲ. ಮರುವರ್ಷ ಬಂದ ‘ಆಲ್ಬರ್ಟ್’ ಮಾದರಿಗೆ ಪಕ್ಕಪಕ್ಕದ ಎರಡು ತುಂಡುಗಳನ್ನೇ ಅದಲುಬದಲು ಮಾಡಿ ಕೊಟ್ಟರು. ವಿಷಯ ಒಂದೇ, ಕ್ರಮ ಮಾತ್ರ ತಿರುಗಿದ್ದು. ಆಗ ಅದು ಕ್ರಮವನ್ನೇ ಕಲಿಯಬೇಕಾಯಿತು.

ಹತ್ತು ಜೋಡಿ, ಹತ್ತು ಅಂಕ

ಜೋಡಣೆ ಎಷ್ಟು ಸರಿ ಎಂದು ಅಳೆಯಲು ಸಂಶೋಧಕರು ಬಳಸುವುದು ಮಾರಿಸ್ ಕೆಂಡಲ್ 1938ರಲ್ಲಿ ಕೊಟ್ಟ ಲೆಕ್ಕ. ಐದು ವಾಕ್ಯಗಳಲ್ಲಿ ಎರಡೆರಡರ ಹತ್ತು ಜೋಡಿಗಳಿರುತ್ತವೆ. ಒಬ್ಬ ಹುಡುಗ ಗ, ಚ, ಘ, ಕ, ಖ ಎಂದು ಬರೆದ ಎನ್ನೋಣ. ಅವನು ತಪ್ಪಿದ್ದು ಕ, ಘ ಎಂಬ ಒಂದೇ ಜೋಡಿಯಲ್ಲಿ. ಉಳಿದ ಒಂಬತ್ತರಲ್ಲಿ ಹಿಂದುಮುಂದು ಸರಿಯಾಗಿದೆ. ಕೆಂಡಲ್ ಲೆಕ್ಕದಲ್ಲಿ, ಸರಿಯಾದ ಒಂಬತ್ತರಿಂದ ತಪ್ಪಿದ ಒಂದನ್ನು ಕಳೆದು ಹತ್ತರಿಂದ ಭಾಗಿಸಿದರೆ ಅವನಿಗೆ 0.8 ಸಿಗುತ್ತದೆ. ಪೂರ್ತಿ ಸರಿಯಿದ್ದರಷ್ಟೇ ಅಂಕ ಎನ್ನುವ ಪರೀಕ್ಷೆಯಲ್ಲಿ ಸಿಗುವುದು ಸೊನ್ನೆ. ಐದನ್ನೂ ತಲೆಕೆಳಗು ಬರೆದವನಿಗೂ ಅದೇ ಸೊನ್ನೆ. ಇದು ಅನ್ಯಾಯ. ಮಗುವಿಗೆ ಎಷ್ಟು ತಿಳಿದಿದೆ ಎಂಬುದನ್ನು ಆ ಸೊನ್ನೆ ಮುಚ್ಚಿಹಾಕುತ್ತದೆ.

ಜತ್ತ, ಮಿರಜ ಸುತ್ತಿನ ಕನ್ನಡ ಶಾಲೆಗಳ ಗುರುಗಳು, ಬಾಯಿಯವರು ಮುಂದೆ ಹೇಳುವ ಆಟವನ್ನು ಒಂದು ವಾರದ ಮಟ್ಟಿಗಾದರೂ ಮಾಡಿನೋಡಬೇಕು. ಪ್ರತಿ ಮಗು ತನ್ನ ಊರಿನ ಒಂದು ಕೆಲಸದ ಬಗ್ಗೆ ಐದು ವಾಕ್ಯ ಬರೆಯಲಿ: ಅರಿಸಿನ ಬೇಯಿಸಿ ಒಣಗಿಸುವುದು, ದ್ರಾಕ್ಷಿಯನ್ನು ಒಣಗಿಸಿ ಮನೂಕೆ ಮಾಡುವುದು, ಏನಾದರೂ ಸರಿ. ವಾಕ್ಯಗಳನ್ನು ಕತ್ತರಿಯಿಂದ ಬಿಡಿಸಿ, ಕಲಸಿ, ಪಕ್ಕದ ಮಗುವಿಗೆ ಕೊಡಲಿ. ಪಕ್ಕದ ಮಗು ಜೋಡಿಸಲಾಗದೆ ನಿಂತರೆ ಯಾವ ವಾಕ್ಯಕ್ಕೆ ಕೊಕ್ಕೆ ಇಲ್ಲ ಎಂದು ಇಬ್ಬರೂ ಕೂಡಿ ಹುಡುಕಲಿ, ಅಲ್ಲೊಂದು ‘ಆಮೇಲೆ’ಯನ್ನೋ ‘ಅದನ್ನು’ ಎಂಬುದನ್ನೋ ಸೇರಿಸಲಿ. ಅಂಕ ಕೊಡುವಾಗ ಜೋಡಿಗೆ ಒಂದರಂತೆ ಹತ್ತಕ್ಕೆ ಕೊಡಿ. ಬಿರಡೆಯಂಥ ವಾಕ್ಯ ಬಂದರೆ ಸರಿಯಾದ ಎಲ್ಲ ಉತ್ತರಗಳಿಗೂ ಪೂರ್ತಿ ಅಂಕ ಕೊಡಿ.